ಆಷಾಢದಲ್ಲಿ ಪಾಲಿಶ್

ತೀರ್ಥಹಳ್ಳಿ

ಪುಟ್ಟೀ,

"ಅಜ್ಜನ ಕುರ್ಚಿ ಲಾರಿಗೆ ಹಾಕಿಸಮ್ಮ, ಇಲ್ಲಿ ಪಿಯು, ಅದೇ ಪಾಲಿಯುರೆಥೇನ್ ಪಾಲಿಶ್, ಹೊಡೆಸಿ ಫಳಫಳ ಮಾಡಿಸ್ತೀನಿ" ಅಂದೆಯಲ್ಲ, ನಾನೂ ಹೂಂ ಅಂದುಬಿಟ್ಟೆ. ಅಟ್ಟದಿಂದ ಇಳಿಸಿದರೆ ಹಿಂದಿನ ಕಾಲು ಅಲ್ಲಾಡುತ್ತಿತ್ತು. ಯಾವನೋ ಪುಣ್ಯಾತ್ಮ ಎರಡು ಮೊಳೆ ಜಡಿದು, ಬೀಟೆ ಮರವನ್ನು ಸೀಳಿ ಇಟ್ಟಿದ್ದ. ಲಾರಿಯಲ್ಲಿ ಹೋದರೆ ಶಿವಮೊಗ್ಗ ದಾಟುವುದಿಲ್ಲ ಅನ್ನಿಸಿತು. ನಾನೇ ಕೂತೆ.

ಮೊಳೆ ಕಿತ್ತು, ಕೂಡಿಸಿದ ಜಾಗಕ್ಕೆ ಬಿಸಿನೀರಿನ ಬಟ್ಟೆ ಸುತ್ತಿದೆ. ತೊಗಲು, ಎಲುಬು ಬೇಯಿಸಿ ಮಾಡುತ್ತಿದ್ದ ಹಳೇ ಅಂಟು ಬಿಸಿಗೆ ಬಿಟ್ಟುಕೊಡುತ್ತದೆ. ಕಾಲು ಕೈಗೇ ಬಂತು. ಹಳೇ ಅಂಟನ್ನೆಲ್ಲ ಕೆರೆದು, ಫೆವಿಕಾಲ್ ಹಾಕಿ, ಸೈಕಲ್ ಟ್ಯೂಬಿನಿಂದ ಬಿಗಿದು ಒಂದು ದಿನ ಮುಟ್ಟಲಿಲ್ಲ.

ಹಳೇ ಪಾಲಿಶ್ ಯಾವುದೋ ನೋಡೋಣವೆಂದು ಅಡಿಭಾಗದಲ್ಲಿ ಒಂದು ಹನಿ ಸ್ಪಿರಿಟ್ ತಾಗಿಸಿದೆ. ಬೆರಳಿಗೆ ಅಂಟಿತು. ಅರಗು! ಅದು ಸ್ಪಿರಿಟ್‌ಗೆ ಕರಗುತ್ತದೆ. ಅರಗಾದರೆ ಹೊಸ ಕೋಟು ಹಳೆಯದರಲ್ಲಿ ಕರಗಿ ಒಂದಾಗುತ್ತದೆ. ನಿನ್ನ ಪಿಯು ಹಾಗಲ್ಲ, ಮುಂದೆ ಕೆಟ್ಟರೆ ಪೂರ್ತಿ ಕೆರೆಯಬೇಕು. 180ರ ಉಪ್ಪುಕಾಗದ, ಆಮೇಲೆ ಇನ್ನೂ ನಯವಾದ 320, ಮರದ ಎಳೆ ಹೋದ ಕಡೆಗೇ ಉಜ್ಜಿದೆ. ಬೀಟೆಯ ಧೂಳು ಮಹಾ ಕೆಟ್ಟದ್ದು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಎರಡು ದಿನ ಸೀನಿದೆ.

ಎಡವಿದ್ದು ಆಮೇಲೆ. ಅರ್ಧ ಲೀಟರ್ ಸ್ಪಿರಿಟ್‌ಗೆ 100 ಗ್ರಾಂ ಅರಗಿನ ಚಕ್ಕೆ ರಾತ್ರಿಯೇ ನೆನೆಹಾಕಿದ್ದೆ. ಅಪ್ಪನ ಹಳೇ ಬನಿಯನ್ನಿನೊಳಗೆ ಹತ್ತಿ ಇಟ್ಟು ಉಂಡೆ ಮಾಡಿ ಎಳೆಯತೊಡಗಿದರೆ ಆಹಾ, ಮರದ ನೇರಳೆ ಗೆರೆಗಳೆಲ್ಲ ಎದ್ದು ಬಂದವು. ಹೊರಗೆ ಜಡಿಮಳೆ. ಕಾಫಿ ಕುಡಿದು ಬರುವಷ್ಟರಲ್ಲಿ ಕುರ್ಚಿಗೆ ವಿಭೂತಿ ಬಳಿದ ಹಾಗಾಗಿತ್ತು. ಅಳುವೇ ಬಂತು. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗಿ ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ಬಿಸಿ ಲೋಟ ಇಟ್ಟ ಕಡೆ ಬೀಳುವ ಬಿಳಿ ಉಂಗುರವೂ ಹೀಗೇ, ಪಾಲಿಶ್‌ನಲ್ಲಿ ಸಿಕ್ಕಿಕೊಂಡ ಪಸೆ. ನಮ್ಮೂರಲ್ಲಿ ಆಷಾಢದಲ್ಲಿ ಹಪ್ಪಳ ಇಡದವಳು ಪಾಲಿಶ್ ಹಿಡಿದೆನಲ್ಲ!

ಹತ್ತು ದಿನ ಕಾದೆ. ಬಿಸಿಲು ಇಣುಕಿದ ಮಧ್ಯಾಹ್ನ ಬರೀ ಸ್ಪಿರಿಟ್ ತೇವದ ಉಂಡೆಯಿಂದ ಹಗುರಾಗಿ ಒರೆಸಿದರೆ ಬಿಳುಪು ಮಾಯ. ಆಮೇಲೆ ಬಿಸಿಲು ಬಂದಾಗಲಷ್ಟೇ ಕೈ ಹಾಕಿ, ತೆಳ್ಳಗೆ ಎಂಟು ಕೋಟು ಕೊಟ್ಟೆ.

ಮಾವನವರು ಇದ್ದಾಗ ನಾನು ಈ ಕುರ್ಚಿಯಲ್ಲಿ ಒಂದು ದಿನವೂ ಕೂತವಳಲ್ಲ. ಯಾರೂ ಬೇಡ ಅಂದಿರಲಿಲ್ಲ, ಕೂರುವ ಪದ್ಧತಿ ಇರಲಿಲ್ಲ ಅಷ್ಟೆ. ಈ ಪತ್ರವನ್ನು ಅದರ ಅಗಲ ಕೈಪಟ್ಟಿಯ ಮೇಲೆ ಕಾಗದ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಆದ್ದರಿಂದ ಲಾರಿಯ ಮಾತು ಸದ್ಯಕ್ಕೆ ಬೇಡ. ಬೆನ್ನಿನ ಬೆತ್ತ ಒಂದು ಮೂಲೆ ಬಾಕಿ ಇದೆ. ದೀಪಾವಳಿಗೆ ಬಂದಾಗ ನೀನೇ ಹೆಣೆಯುವೆಯಂತೆ. ಬೆತ್ತ ನಾನೇ ನೆನೆಹಾಕಿಟ್ಟಿರುತ್ತೇನೆ.

ನಿನ್ನ ಅಮ್ಮ