ಮಗಳಿಗೊಂದು ಪತ್ರ: ಕಾರ್ಲ್ ವಾರ್ಕ್ ಹತ್ತುವ ಮುನ್ನ

ಪ್ರೀತಿಯ ಪುಟ್ಟಿ,

ಇಂಗ್ಲೆಂಡಿನ ಶೆಫೀಲ್ಡ್ ಪಕ್ಕದ ಕಾರ್ಲ್ ವಾರ್ಕ್ ಎಂಬ ಹಳೆಯ ಗುಡ್ಡದ ಕೋಟೆಗೆ ಡಿಸೆಂಬರ್ ಕೊನೆಯಲ್ಲೇ ಹೋಗುವುದಾದರೆ ದಾರಿಯ ಕ್ರಮ ಬದಲಿಸಬೇಡ. ಫಾಕ್ಸ್ ಹೌಸಿನಲ್ಲಿ ಬಸ್ಸಿಳಿದು, ಬರ್ಬೇಜ್ ಹೊಳೆ ದಾಟಿ ಮೊದಲು ಕೋಟೆ, ಆಮೇಲೆ ಎದುರಿನ ಬಂಡೆಗುಡ್ಡ ಹಿಗ್ಗರ್ ಟಾರ್. ಹಿಗ್ಗರ್ ಟಾರಿನ ಕೋಟೆ ಕಡೆಯ ಮಗ್ಗುಲು ಬರೀ ಬಂಡೆ. ನೆನೆದ ಬಂಡೆಯನ್ನು ಹತ್ತಬಹುದು, ಇಳಿಯುವಾಗಲೇ ಕಾಲು ಜಾರುವುದು. ಅಲ್ಲಿಂದ ಅಪ್ಪರ್ ಬರ್ಬೇಜ್ ಸೇತುವೆಗೆ ಹೋಗಿ, ಗ್ರೀನ್ ಡ್ರೈವ್ ಎಂಬ ಅಗಲ ಬಂಡಿದಾರಿಯಲ್ಲಿ ವಾಪಸ್. ಬೆಳಕು ಕುಂದಿದರೂ ಆ ದಾರಿ ತಪ್ಪುವುದಿಲ್ಲ. ಒಟ್ಟು ಸುಮಾರು 7 ಕಿ.ಮೀ. ಸಂಜೆ 4ಕ್ಕೆ ಮೊದಲೇ ಸೂರ್ಯ ಮುಳುಗುವುದರಿಂದ ಬೆಳಿಗ್ಗೆ 11ರೊಳಗೆ ನಡಿಗೆ ಶುರುವಾಗಲಿ. ತಲೆಗೆ ಕಟ್ಟುವ ಟಾರ್ಚ್ ಚೀಲದಲ್ಲಿರಲಿ.

ಜೀನ್ಸ್ ಖಂಡಿತ ಬೇಡಮ್ಮ. ಹತ್ತಿಬಟ್ಟೆ ನೀರು ಹೀರಿ ಒಣಗದೆ ಮೈಶಾಖವನ್ನು ಎಳೆದುಕೊಳ್ಳುತ್ತದೆ. ಉಣ್ಣೆಯ ಕಾಲುಚೀಲ, ಗಾಳಿ ಮಳೆ ತಡೆಯುವ ಜಾಕೆಟ್ ಪ್ಯಾಂಟು, ಇನ್ನೊಂದು ಜೊತೆ ಕೈಗವಸು ಬೇಕು. ಜೊತೆಗಾರರು ನಡುಗುತ್ತ ಮಾತು ತೊದಲಿದರೆ, ಜಿಪ್ ಎಳೆಯಲು ಬೆರಳು ಸೋತರೆ, ಕೂಡಲೇ ಗಾಳಿಗೆ ಮರೆಯಾಗಿಸಿ ಒಣಬಟ್ಟೆ ಹಾಕಿಸು, ಸಿಹಿ ತಿನ್ನಿಸು.

ಕೋಟೆ ಸುತ್ತಲಿನ ಬಯಲಿನ ನೆಲ ಪೀಟ್ ಮಣ್ಣು. ಅರೆಕೊಳೆತ ಪಾಚಿ, ಹುಲ್ಲು ನೀರು ಹಿಡಿದೇ ಕೂತಿರುತ್ತವೆ. ಎದ್ದು ಕಾಣುವ ಹಸಿರು ಪಾಚಿ, ಜೊಂಡು ಇದ್ದಲ್ಲಿ ಕಾಲಿಟ್ಟರೆ ಮೊಣಕಾಲವರೆಗೂ ಹುಗಿಯಬಹುದು. ಹೆದರ್ ಪೊದೆ ಬೆಳೆದ ಜಾಗ ಸಾಮಾನ್ಯವಾಗಿ ಗಟ್ಟಿ. ಕಾಲುದಾರಿಯ ಕೆಸರು ತಪ್ಪಿಸಲು ಅಂಚಿನ ಹುಲ್ಲು ತುಳಿಯಬೇಡ, ಹಾಗೆ ತುಳಿದೂ ತುಳಿದೂ ದಾರಿ ಅಗಲವಾಗಿ ಪೀಟ್ ಕೊಚ್ಚಿಹೋಗುತ್ತದೆ.

ಕೋಟೆಯಲ್ಲಿ ನೀನು ನಿಧಾನವಾಗಿ ನೋಡಬೇಕಾದದ್ದು ಪಡುವಣ ಗೋಡೆ. ಉಳಿದ ಮೂರು ಕಡೆ ಗ್ರಿಟ್‌ಸ್ಟೋನ್ ಎಂಬ ಒರಟು ಮರಳುಗಲ್ಲಿನ ಕಡಿಬಂಡೆಯೇ ಕಾವಲು. ಪಡುವಣಕ್ಕೆ ಮಾತ್ರ ನೆಲ ಸಲೀಸಾಗಿ ಒಳಕ್ಕೆ ಬರುತ್ತದೆ, ಆದ್ದರಿಂದಲೇ ಅಲ್ಲಿ ಸುಮಾರು 3 ಮೀಟರ್ ಎತ್ತರಕ್ಕೆ ಗಾರೆಯಿಲ್ಲದೆ ಕಲ್ಲು ಜೋಡಿಸಿ, ಬೆನ್ನಿಗೆ ಮಣ್ಣಿನ ದಿಬ್ಬ ಒತ್ತಿದ್ದಾರೆ. ನೈಋತ್ಯ ಮೂಲೆಯಲ್ಲಿ ಪ್ರವೇಶ. ಕಬ್ಬಿಣಯುಗದ್ದು ಎನ್ನುವವರೇ ಹೆಚ್ಚು. ಅದಕ್ಕೂ ಹಿಂದಿನದು, ರೋಮನ್ನರ ನಂತರದ್ದು ಎಂಬ ವಾದಗಳೂ ಇವೆ. 1950ರಲ್ಲಿ ಅಗೆದು ನೋಡಿದರೂ ತಗಾದೆ ತೀರಲಿಲ್ಲ. ಸುತ್ತ ಬಿದ್ದಿರುವ ಬೀಸುವ ಕಲ್ಲುಗಳು ಕೋಟೆಯವರದ್ದಲ್ಲ, ಬಹಳ ತಡವಾಗಿ ಬಂದ ಕಲ್ಲುಕುಟಿಗರು ಬಿಟ್ಟುಹೋದವು. ಗೋಡೆ ಹತ್ತಬೇಡ, ಒಂದು ಕಲ್ಲು ಸಡಿಲವಾದರೆ ಮೇಲಿನವೂ ಉರುಳುತ್ತವೆ.

ಮಂಜು ಕವಿದರೆ ಅಂಚಿನಿಂದ ದೂರ ಸರಿದು ನಿಲ್ಲು. ಎದುರಿನ ಹಿಗ್ಗರ್ ಟಾರ್ ಕಾಣದಿದ್ದರೆ ದಿಕ್ಸೂಚಿಯಲ್ಲಿ ವಾಯವ್ಯ ಹಿಡಿ, ಮುಕ್ಕಾಲು ಕಿ.ಮೀ.ಯೂ ಇಲ್ಲ. ಚಳಿಗೆ ಫೋನ್ ಬ್ಯಾಟರಿ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡು. ಅಪಾಯವಾದರೆ 999ಕ್ಕೆ ಕರೆಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ (ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡುವ ತಂಡ) ಎಂದು ಕೇಳು. ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ ಊದು, ಒಂದು ನಿಮಿಷ ಬಿಟ್ಟು ಮತ್ತೆ ಆರು.

ಇಂತಿ,
ನಿನ್ನ ಅಪ್ಪ