ಶೆಫೀಲ್ಡಿನಿಂದ ಅಮ್ಮನಿಗೆ, ದೊಡ್ಡ ಅಕ್ಷರದಲ್ಲಿ

ಶೆಫೀಲ್ಡ್
ಇಂಗ್ಲೆಂಡ್
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮ,

ನಿನಗೂ ಅಪ್ಪನಿಗೂ ನಮಸ್ಕಾರ. ನಾನಿಲ್ಲಿ ಕ್ಷೇಮ. ಸುಮಕ್ಕ, ಭಾವ, ಪುಟ್ಟಿ ಎಲ್ಲರನ್ನೂ ಕೇಳಿದೆ ಅಂತ ಹೇಳು. ಪದ್ದತ್ತೆಯ ಮಂಡಿನೋವು ಕಡಿಮೆಯಾಯಿತಾ?

ಅಕ್ಷರ ಇಷ್ಟು ದೊಡ್ಡದಾಗಿ ಯಾಕೆ ಬರೆದಿದ್ದೇನೆ ಅಂತ ನಿನಗೆ ಗೊತ್ತಾಗಿರಬೇಕು. ಸುಮಕ್ಕನ ಕಾಗದ ಬುಧವಾರ ಬಂತು, ನೀನು ಕಣ್ಣಿನ ಇಂಜೆಕ್ಷನ್ ತಪ್ಪಿಸಿದ್ದನ್ನು ಬರೆದಿದ್ದಾಳೆ. ಅವಳನ್ನು ಬೈಬೇಡ, ನಾನೇ ಒತ್ತಾಯ ಮಾಡಿ ಕೇಳಿದ್ದು. ಫೋನಿನಲ್ಲಿ ಕಣ್ಣಿನ ವಿಷಯ ಎತ್ತಿದರೆ ಸಾಕು, 'ಚೆನ್ನಾಗಿದೆ ಬಿಡು, ನೀನು ಏನು ಅಡುಗೆ ಮಾಡಿದೆ' ಅನ್ನುತ್ತೀಯ. ಅದಕ್ಕೇ ಈ ಕಾಗದ. ಮಾತು ತಿರುಗಿಸೋಕೆ ಆಗಲ್ಲ, ಅಲ್ವಾ?

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ರಾತ್ರಿ ಎಂಟೂವರೆಯಲ್ಲಿ ಪುಸ್ತಕದ ಅಂಗಡಿಯಲ್ಲಿ ಏನು ಕೆಲಸ ಅಂತ ಕೇಳಿದ್ದೀಯ. ಅಂಗಡಿ ಆರಕ್ಕೇ ಮುಚ್ಚುತ್ತದೆ. ತಿಂಗಳಿಗೊಂದು ಗುರುವಾರ ಮಾತ್ರ ಏಳಕ್ಕೆ ಮತ್ತೆ ಬಾಗಿಲು ತೆಗೆಯುತ್ತಾರೆ. ನಾವು ಏಳೆಂಟು ಜನ ಮಡಿಸುವ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬಂದಿರುತ್ತೇವೆ, ಅದರ ಮೇಲೆ ಮಾತು. ಒಡತಿಗೆ ನಿನ್ನದೇ ವಯಸ್ಸು. ಅವರ ನಾಯಿ ಅಂಗಡಿ ಮಧ್ಯದಲ್ಲೇ ಕಾಲು ಚಾಚಿ ಮಲಗಿರುತ್ತದೆ. ಗಿರಾಕಿಗಳು ಅದನ್ನು ದಾಟಿಕೊಂಡು ಓಡಾಡುತ್ತಾರೆ, ಯಾರೂ ಏಳಿಸಲ್ಲ. ಮುಗಿದ ಮೇಲೆ ಯಾರಾದರೊಬ್ಬರು ನನ್ನನ್ನು ಟ್ರ್ಯಾಮ್ ಸ್ಟಾಪಿನವರೆಗೆ ಬಿಡುತ್ತಾರೆ. ಆ ಹೆದರಿಕೆ ಬೇಡ.

ನಾನು ಅಲ್ಲಿಗೆ ಹೋಗಲು ಶುರು ಮಾಡಿದ್ದು ಮೊದಲ ಚಳಿಗಾಲದಲ್ಲಿ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೇ ಕತ್ತಲೆ. ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದರೆ ರೂಮಿಗೆ ಹೋಗೋಕೇ ಮನಸ್ಸಾಗುತ್ತಿರಲಿಲ್ಲ. ಒಂದು ದಿನ ಆ ಅಂಗಡಿಯ ದೀಪ ನೋಡಿ ಒಳಗೆ ಹೋದೆ. ಒಡತಿ ಏನು ಬೇಕು ಅಂತ ಕೇಳಲಿಲ್ಲ. ಈಚೆಗೆ ಓದಿದ್ದರಲ್ಲಿ ನಿನಗೆ ಯಾವುದು ಇಷ್ಟವಾಯಿತು ಅಂದರು. ಕನ್ನಡದ್ದು ಅಂದೆ. ಇಲ್ಲಿ ಕನ್ನಡ ಅಂದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಕೆನಡಾ ಅಂತ ಕೇಳಿಸುತ್ತದೆ. ಇವರು ಸೀದಾ ಹಿಂದಿನ ಕಪಾಟಿಗೆ ಹೋಗಿ ಒಂದು ತೆಳ್ಳಗಿನ ಪುಸ್ತಕ ತಂದು ನನ್ನ ಕೈಗಿಟ್ಟರು. ವಿವೇಕ ಶಾನಭಾಗರ 'ಘಾಚರ್ ಘೋಚರ್', ಶ್ರೀನಾಥ್ ಪೇರೂರ್ ಇಂಗ್ಲಿಷಿಗೆ ಮಾಡಿದ್ದು. ಅಮ್ಮ, ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಅವರು ಸುಮ್ನೆ ಒಂದು ಕುರ್ಚಿ ಎಳೆದು ಕೊಟ್ಟರು.

ಆಮೇಲೆ ಗ್ರೂಪಿನಲ್ಲಿ ಅದನ್ನೇ ಓದಿದೆವು. ಈ ಹೆಸರಿಗೆ ನಿಮ್ಮ ಭಾಷೆಯಲ್ಲಿ ಏನರ್ಥ ಅಂತ ಎಲ್ಲರೂ ನನ್ನ ಮುಖ ನೋಡಿದರು. ಕನ್ನಡದಲ್ಲೂ ಅರ್ಥವಿಲ್ಲ, ಗಾಳಿಪಟದ ದಾರ ಗೋಜಲಾದಾಗ ಒಂದು ಮನೆಯ ಮಕ್ಕಳು ಕಟ್ಟಿಕೊಂಡ ಮಾತು ಅಂದೆ. ಆಗ ಒಬ್ಬೊಬ್ಬರೂ ತಮ್ಮ ಮನೆಯೊಳಗಿನ ಇಂಥ ಮಾತುಗಳನ್ನು ಹೇಳತೊಡಗಿದರು. ಒಂಬತ್ತೂವರೆ ಆಗಿದ್ದೇ ಗೊತ್ತಾಗಲಿಲ್ಲ. ನೀನು ಫೋನ್ ಮಾಡಿ ಮಾಡಿ ಗಾಬರಿಯಾದ ರಾತ್ರಿ ಅದೇ.

ಬಾನು ಮುಷ್ತಾಕ್ ಅವರ ಸುದ್ದಿ ನಿನಗೆ ನಾನು ಹೇಳಬೇಕಾಗಿಲ್ಲ. ಹಾಸನದಲ್ಲಿ ಪಟಾಕಿ ಹೊಡೆದರು ಅಂತ ನೀನೇ ಹೇಳಿದ್ದೆ. ಆದರೆ ಇಲ್ಲಿ ಹೇಗಿತ್ತು ಅಂತ ಪೂರ್ತಿ ಹೇಳೇ ಇಲ್ಲ. 2025ರ ಮೇ 20ರ ರಾತ್ರಿ ನನಗೆ ಡ್ಯೂಟಿ. ಟೀ ಕುಡಿಯೋ ಹೊತ್ತಿಗೆ ಫೋನ್ ನೋಡಿದರೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ನಮ್ಮ 'ಹಾರ್ಟ್ ಲ್ಯಾಂಪ್'ಗೆ. ಕನ್ನಡಕ್ಕೆ ಮೊದಲ ಸಲ. ಸಣ್ಣಕಥೆಗಳ ಪುಸ್ತಕಕ್ಕೂ ಮೊದಲ ಸಲ. ಅದನ್ನು ಹೊರತಂದ ಆ್ಯಂಡ್ ಅದರ್ ಸ್ಟೋರೀಸ್ ಇರೋದು ಎಲ್ಲಿ? ಇದೇ ಶೆಫೀಲ್ಡಿನಲ್ಲಿ! ಲಂಡನ್ನಿನ ದೊಡ್ಡ ಕಂಪನಿಯಲ್ಲ, ನಮ್ಮ ಊರಿನ ಸಣ್ಣ ಪ್ರಕಾಶನ. ಆ ವರ್ಷ ಕೊನೆಯ ಸುತ್ತಿಗೆ ಬಂದ ಆರು ಪುಸ್ತಕಗಳೂ ಇಂಥ ಸ್ವತಂತ್ರ ಪ್ರಕಾಶಕರವೇ. 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ 12 ಆರಿಸಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದಿದ್ದಾರೆ. ನಮ್ಮ ಮಾತುಗಳನ್ನು ಎಷ್ಟೋ ಕಡೆ ಹಾಗೇ ಬಿಟ್ಟಿದ್ದಾರೆ. ಓರೆ ಅಕ್ಷರವಿಲ್ಲ, ಅಡಿಟಿಪ್ಪಣಿಯಿಲ್ಲ. ಬೇಕಿದ್ದವರು ಕೇಳಿ ತಿಳಿದುಕೊಳ್ಳಲಿ ಅನ್ನೋ ಹಾಗೆ. ನನಗೆ ಅದು ಬಹಳ ಹಿಡಿಸಿತು. ಬಹುಮಾನದ ಐವತ್ತು ಸಾವಿರ ಪೌಂಡಿನಲ್ಲೂ ಬರೆದವರಿಗೆ ಅರ್ಧ, ಅನುವಾದ ಮಾಡಿದವರಿಗೆ ಅರ್ಧ. ನ್ಯಾಯ ಅಂದರೆ ಇದು.

ಮರುದಿನ ನಿದ್ದೆಗೆಟ್ಟ ಮುಖದಲ್ಲೇ ಅಂಗಡಿಗೆ ಓಡಿದೆ. ಒಂದು ಪ್ರತಿಯೂ ಉಳಿದಿರಲಿಲ್ಲ. ಇಲ್ಲಿ ಕಪಾಟಿನಲ್ಲಿ ಪುಸ್ತಕದ ಕೆಳಗೆ ಒಂದು ಸಣ್ಣ ರಟ್ಟಿನ ಚೀಟಿ ಸಿಕ್ಕಿಸುತ್ತಾರೆ. ಓದಿದವರು ಯಾಕೆ ಹಿಡಿಸಿತು ಅಂತ ಕೈಯಲ್ಲಿ ನಾಲ್ಕು ಸಾಲು ಬರೆದಿರುತ್ತಾರೆ. ಈ ಪುಸ್ತಕಕ್ಕೆ ನೀನೇ ಬರಿ ಅಂದರು ಒಡತಿ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ಕೆಳಗೆ ದಪ್ಪಗೆ 'ನಮ್ಮ ಹಾಸನದವರು' ಅಂತ ಕನ್ನಡದಲ್ಲಿ ಬರೆದೆ. ಇನ್ನೂ ಅಲ್ಲೇ ಇದೆ. ಮೂಲೆ ಮಡಿಚಿಕೊಂಡಿದೆ, ಇಂಕು ಸ್ವಲ್ಪ ಮಾಸಿದೆ. ಎಷ್ಟು ಜನ ಬಗ್ಗಿ ನಿಂತು ಆ ಅಕ್ಷರ ನೋಡುತ್ತಾರೆ ಗೊತ್ತಾ? ಒಂದು ಹುಡುಗಿ ಬೆರಳಲ್ಲಿ 'ಹ' ತಿದ್ದಿ ನೋಡುತ್ತಿದ್ದಳು.

ಅಪ್ಪನಿಗೆ ಒಂದು ಮಾತು. ಆನ್‌ಲೈನಿನಲ್ಲಿ ಕಡಿಮೆಗೆ ಸಿಗುವಾಗ ಅಂಗಡಿಗೆ ಯಾಕೆ ಜಾಸ್ತಿ ಕೊಡ್ತೀಯ ಅಂತ ಕೇಳಿದ್ದರು. ಅಪ್ಪ, ಕಂಪ್ಯೂಟರು ನಾನು ಆಗಲೇ ಓದಿದ್ದಕ್ಕೆ ಹೊಂದುವುದನ್ನೇ ತೋರಿಸುತ್ತದೆ. ಇದು ನಿನಗೆ ಗೊತ್ತೇ ಇಲ್ಲ, ಓದು ಅಂತ ಕೈಗೆ ಕೊಡೋದು ಮನುಷ್ಯರೇ. ಇಂಗ್ಲಿಷಿನಲ್ಲಿ ಬರುವ ಪುಸ್ತಕಗಳಲ್ಲಿ ಅನುವಾದ ನೂರಕ್ಕೆ ಮೂರು ಅನ್ನೋದು ಇಲ್ಲಿ ಹಳೇ ಮಾತು. ಆ ಮೂರರಲ್ಲಿ ನಮ್ಮದೊಂದು ಯಾರಾದರೂ ಎತ್ತಿ ತೋರಿಸದಿದ್ದರೆ ಯಾರ ಕಣ್ಣಿಗೆ ಬೀಳುತ್ತೆ? ಈ ದೇಶದಲ್ಲಿ ಇಂಥ ಸ್ವತಂತ್ರ ಅಂಗಡಿಗಳು 2016ರಲ್ಲಿ 867ಕ್ಕೆ ಇಳಿದಿದ್ದವಂತೆ, ಈಗ ಸಾವಿರ ದಾಟಿವೆ. ನಾನು ಎರಡು ಪೌಂಡು ಹೆಚ್ಚು ಕೊಟ್ಟರೆ ಅದು ದಂಡವಲ್ಲ.

ಸೆಪ್ಟೆಂಬರಿನಲ್ಲಿ ಗ್ರೂಪಿನವರ ಜೊತೆ ಬಾತ್ ಅನ್ನೋ ಊರಿಗೆ ಹೋಗಿದ್ದೆ. ಅಲ್ಲಿ ಪರ್ಸೆಫನಿ ಅಂತ ಒಂದು ಅಂಗಡಿ. 1999ರಿಂದ ಅವರೇ ಪ್ರಕಾಶಕರು. ಒಂದು ಕಾಲಕ್ಕೆ ಓದಿಸಿಕೊಂಡು ಆಮೇಲೆ ಎಲ್ಲರೂ ಮರೆತುಬಿಟ್ಟ ಪುಸ್ತಕಗಳನ್ನು, ಹೆಚ್ಚಾಗಿ ಹೆಂಗಸರು ಬರೆದದ್ದನ್ನು, ಹುಡುಕಿ ಮತ್ತೆ ಅಚ್ಚು ಹಾಕುತ್ತಾರೆ. ಹೊರಗಿನಿಂದ ಎಲ್ಲವೂ ಒಂದೇ ಬೂದು ಬಣ್ಣ. ತೆಗೆದರೆ ಒಳಗಿನ ಹಾಳೆಯಲ್ಲಿ ಆ ಕಾಲದ ಬಟ್ಟೆಯ ಚಿತ್ತಾರ. ಅದಕ್ಕೆ ಹೊಂದುವ ಪುಟಗುರುತು ಬೇರೆ. ನಾನು ಒಂದೊಂದೇ ತೆಗೆದು ಒಳಗಿನ ಹಾಳೆ ನೋಡುತ್ತಾ ಒಂದು ಗಂಟೆ ಕಳೆದೆ, ಸೀರೆ ಅಂಗಡಿಯಲ್ಲಿ ನೀನು ಸೆರಗು ಬಿಚ್ಚಿಸಿ ನೋಡೋ ಹಾಗೆ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ತ್ರಿವೇಣಿ, ಎಂ.ಕೆ. ಇಂದಿರಾ ಪುಸ್ತಕಗಳಿಗೂ ನೀನು ಹಳೇ ಕ್ಯಾಲೆಂಡರ್ ಹಾಳೆಯ ಬೈಂಡು ಹಾಕಿ, ವಾಪಸು ಕೊಡುವಾಗಲೂ ಬಿಚ್ಚದೆ ಕೊಡುತ್ತಿದ್ದೆಯಲ್ಲ. ಮುಂದೆ ಓದುವವರ ಕೈಗೂ ಚೆನ್ನಾಗಿರಲಿ ಅಂತ. ಆ ಅಂಗಡಿಯಲ್ಲಿ ನಿಂತಾಗ ಅದೇ ಕಣ್ಣಮುಂದೆ ಬಂತು.

ಸರಿ. ಈಗ ಕಣ್ಣಿನ ಮಾತು.

ಅಮ್ಮ, ಡಾಕ್ಟರು ಹೇಳಿದ್ದು ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್, ಸದ್ಯಕ್ಕೆ. ಒಂದು ಆಗಿದೆ. ಎರಡನೆಯದರ ದಿನ ದಾಟಿ ಹದಿನೈದು ದಿನವಾಯಿತು. 'ಈಗ ಕಾಣ್ತಿದೆ, ಸಾಕು' ಅಂದೆಯಂತೆ. ಸಾಕಾಗಲ್ಲ ಅಮ್ಮ. ಶುಗರ್ ಕಣ್ಣಿನ ಹಿಂದಿನ ಪರದೆಯ ರಕ್ತನಾಳಗಳನ್ನು ಕೆಡಿಸಿದೆ, ಅವು ಸೋರುತ್ತವೆ. ಔಷಧಿ ಆ ಸೋರಿಕೆ ತಡೆಯುತ್ತದೆ. ಆದರೆ ಅದರ ಶಕ್ತಿ ಕೆಲವು ವಾರ ಮಾತ್ರ. ಈಗ ಕಾಣುತ್ತಿರೋದು ಇಂಜೆಕ್ಷನ್ ಕೆಲಸ ಮಾಡಿದ್ದರಿಂದ. ಅದಕ್ಕೇ ಮುಂದಿನದು ಬೇಕು. ನಿಲ್ಲಿಸಿದರೆ ಮತ್ತೆ ಊತ ಬರಬಹುದು, ಹೋದ ದೃಷ್ಟಿ ಎಲ್ಲವೂ ವಾಪಸು ಬರುತ್ತೆ ಅಂತ ಹೇಳೋಕಾಗಲ್ಲ. ನನ್ನದು ಮೂಳೆ ವಾರ್ಡು, ನಿಜ. ಆದರೆ ಕಣ್ಣಿನ ವಾರ್ಡಿನಲ್ಲಿರುವ ನನ್ನ ಕೊಟ್ಟಾಯಂ ಗೆಳತಿಯನ್ನು ಕೂರಿಸಿಕೊಂಡು ಎಲ್ಲಾ ಕೇಳಿಕೊಂಡು ಬಂದೇ ಬರೆಯುತ್ತಿದ್ದೇನೆ.

ಮರುದಿನ ಪೂರ್ತಿ ಉರಿಯಿತು, ಅದಕ್ಕೇ ಹೆದರಿಕೆ ಅಂತ ಸುಮಕ್ಕನ ಹತ್ತಿರ ಹೇಳಿದ್ದೀಯ. ಆ ಉರಿ ಸೂಜಿಯದ್ದಲ್ಲ. ನಂಜಾಗಬಾರದು ಅಂತ ಮೊದಲೇ ಕಣ್ಣು ತೊಳೆಯುತ್ತಾರಲ್ಲ, ಹೆಚ್ಚಾಗಿ ಆ ಕಂದು ಔಷಧಿಯದ್ದು. ಈ ಸಲ ಚುಚ್ಚಿದ ಮೇಲೆ ಇನ್ನೊಮ್ಮೆ ಚೆನ್ನಾಗಿ ತೊಳೆಯಿರಿ ಅಂತ ಕೇಳು, ನಾಚಿಕೆ ಬೇಡ. ಉರಿ ಒಂದು ದಿನದಲ್ಲಿ ಇಳಿಯಬೇಕು. ಇಳಿಯದೆ ನೋವು ಹೆಚ್ಚಾದರೆ, ಕೆಂಪು ಹೆಚ್ಚಾದರೆ, ಮಂಜು ಕವಿದರೆ ಬೆಳಗಾಗಲಿ ಅಂತ ಕಾಯಬೇಡ, ಆಗಲೇ ಹೋಗಬೇಕು. ಅಪ್ಪ, ಇದನ್ನು ಕ್ಯಾಲೆಂಡರಿನ ಹಿಂದೆ ಬರೆದಿಡಿ.

ನಮ್ಮ ಗ್ರೂಪಿನ ಸ್ಟೀಲ್ ಅಜ್ಜ ನೆನಪಿದ್ದಾರಾ? ಸ್ಟೀಲ್ ಕಾರ್ಖಾನೆಯಲ್ಲಿದ್ದು ರಿಟೈರಾದವರು, 78 ವರ್ಷ. ಅವರದು ಶುಗರ್ ಅಲ್ಲ, ವಯಸ್ಸಿಗೆ ಬರುವ ಬೇರೆ ಕಾಯಿಲೆ. ಆದರೆ ಇದೇ ಥರದ ಇಂಜೆಕ್ಷನ್. ಇಲ್ಲಿಯವರೆಗೆ 31 ಆಗಿದೆ! ಹೋದ ತಿಂಗಳು ಬುಧವಾರ ಚುಚ್ಚಿಸಿಕೊಂಡು ಗುರುವಾರ ಕೆಂಪು ಕಣ್ಣಿನಲ್ಲೇ ಅಂಗಡಿಗೆ ಬಂದಿದ್ದರು. ದೀಪವಿರುವ ಭೂತಗನ್ನಡಿ ಇಟ್ಟುಕೊಂಡು ಓದುತ್ತಾರೆ. ನಿನ್ನ ವಿಷಯ ಹೇಳಿದೆ. ಅಂಥದೇ ಒಂದನ್ನು ನಿನಗೂ ತೆಗೆದಿಟ್ಟಿದ್ದೇನೆ.

ಅವರೇ ನನಗೆ 'ದಿ ಸಮ್ಮರ್ ಬುಕ್' ಅಂತ ಒಂದು ಪುಸ್ತಕ ಕೊಟ್ಟರು. ಟೂವೆ ಯಾನ್ಸನ್ ಅಂತ ಫಿನ್‌ಲ್ಯಾಂಡಿನ ಹೆಂಗಸು 1972ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಬರೆದದ್ದು. ಥಾಮಸ್ ಟೀಲ್ ಅನುವಾದ. ಒಂದು ಸಣ್ಣ ದ್ವೀಪ, ಅಲ್ಲಿ ಮುಖ್ಯವಾಗಿ ಅಜ್ಜಿ ಮತ್ತು ಮೊಮ್ಮಗಳು. ಹುಡುಗಿಯ ತಾಯಿ ಸತ್ತಿದ್ದಾಳೆ, ಅದನ್ನು ಒಂದೇ ಸಲ ಹೇಳಿ ಬಿಟ್ಟುಬಿಡುತ್ತಾರೆ. ಬರೆದವರು ತಮ್ಮ ತಾಯಿ ಹೋದ ಮೇಲೆ ಬರೆದದ್ದಂತೆ. ಶುರುವಿನಲ್ಲೇ ಅಜ್ಜಿಯ ಕಟ್ಟುಹಲ್ಲು ಹೂವಿನ ಗಿಡಗಳಲ್ಲಿ ಬಿದ್ದಿರುತ್ತದೆ. ಅಜ್ಜಿ ಹುಡುಕುತ್ತಿರುತ್ತಾಳೆ, ಮೊಮ್ಮಗಳು ಬಂದು ಏನು ಹುಡುಕ್ತಿದ್ದೀಯ ಅಂತ ಶುರು ಮಾಡುತ್ತಾಳೆ. ನೀನೂ ಪುಟ್ಟಿಯೂ ನಿಂತ ಹಾಗೇ ಕಂಡಿತು. ಸಣ್ಣ ಸಣ್ಣ 22 ಅಧ್ಯಾಯ. ನಿನಗೆ ಇಂಗ್ಲಿಷ್ ಬೇಜಾರು, ಗೊತ್ತು. ನಾನೇ ಕನ್ನಡ ಮಾಡುತ್ತಾ ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ. ಐದು ಮುಗಿದಿದೆ. ಇಂಜೆಕ್ಷನ್ ಆದ ದಿನ ನೀನು ಏನೂ ಓದಬೇಡ, ಕಣ್ಣು ಮುಚ್ಚಿ ಮಲಗಿರು. ಸಂಜೆ ಫೋನಿನಲ್ಲಿ ಮೊದಲನೆಯದನ್ನು ನಾನೇ ಓದುತ್ತೇನೆ. ನಮ್ಮ ಕಡೆ ಜನ ಹಾಗೆ ಮಾತಾಡಲ್ಲ ಅನ್ನಿಸಿದ ಕಡೆ ನನಗೆ ಹೇಳು, ತಿದ್ದುತ್ತೇನೆ.

ಇನ್ನೊಂದು. 'ಹಾರ್ಟ್ ಲ್ಯಾಂಪ್' ತಂದ ಇಲ್ಲಿನ ಆ ಪ್ರಕಾಶನಕ್ಕೆ ವರ್ಷದ ಚಂದಾ ಕಟ್ಟಿದವರ ಹೆಸರುಗಳನ್ನು ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕುತ್ತಾರೆ. ಪುಟಗಟ್ಟಲೆ ಹೆಸರು, ಸಾಸಿವೆ ಕಾಳಿನಷ್ಟು ಅಕ್ಷರ. ನಾನೂ ಕಟ್ಟಬೇಕು ಅಂತಿದ್ದೇನೆ, ನಿನ್ನ ಹೆಸರಲ್ಲಿ. ಅದನ್ನು ನೀನೇ ಹುಡುಕಿ ಓದಬೇಕು, ಸುಮಕ್ಕ ತೋರಿಸಬಾರದು.

ದುಡ್ಡಿನ ಮಾತು ಎತ್ತಲೇಬೇಡ. ಎರಡು ಇಂಜೆಕ್ಷನ್ನಿನ ದುಡ್ಡು ಶುಕ್ರವಾರವೇ ಅಪ್ಪನ ಅಕೌಂಟಿಗೆ ಹಾಕಿದ್ದೇನೆ. ನನಗೆ ಇಲ್ಲಿ ಏನೂ ಕಷ್ಟವಿಲ್ಲ. ಸಂಬಳ ಸರಿಯಾಗಿ ಬರುತ್ತದೆ, ರೂಮು ಬೆಚ್ಚಗಿದೆ, ಮೂರು ಹೊತ್ತೂ ಊಟ ಮಾಡುತ್ತೇನೆ, ಅನ್ನ ಸಾರು ತಪ್ಪಿಲ್ಲ, ಉಪ್ಪಿನಕಾಯಿ ಇನ್ನೂ ಅರ್ಧ ಬಾಟಲಿ ಇದೆ. ಕೆಮ್ಮು ಪೂರ್ತಿ ಹೋಗಿದೆ. ನಿಜವಾಗಿ ಹೋಗಿದೆ. ಸ್ವೆಟರ್ ಹಾಕಿಕೊಳ್ಳುತ್ತೇನೆ, ಶಾಲೂ ಹೊದೆಯುತ್ತೇನೆ. ನನ್ನ ಚಿಂತೆ ಒಂದಿಷ್ಟೂ ಬೇಡ. ಪದ್ದತ್ತೆ ಮನೆ ಹೋಳಿಗೆ ಮಾತ್ರ ಬೇಡ, ಅವರು ಎಷ್ಟೇ ಬಲವಂತ ಮಾಡಲಿ. ಮೂರು ತಿಂಗಳ ಶುಗರ್ ಟೆಸ್ಟನ್ನೂ ಬಿಪಿಯನ್ನೂ ಇದೇ ಸಲ ಮಾಡಿಸಿಬಿಡಿ.

ಟ್ರ್ಯಾಮಿಗೆ ಹೊತ್ತಾಯಿತು, ಇವತ್ತು ಮಧ್ಯಾಹ್ನದ ಡ್ಯೂಟಿ. ದಾರಿಯಲ್ಲೇ ಡಬ್ಬಕ್ಕೆ ಹಾಕುತ್ತೇನೆ. ಪುಟ್ಟಿಗೆ ಮುತ್ತು.

ನಿನ್ನ
ಚಿನ್ನು

ಅಪ್ಪ, ಈ ಸಾಲುಗಳ ಫೋಟೋ ಈಗಲೇ ನಿಮ್ಮ ಫೋನಿಗೆ ಕಳಿಸುತ್ತಿದ್ದೇನೆ, ಕಾಗದ ಸೇರೋವರೆಗೂ ಕಾಯಬೇಡಿ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ, ಅಷ್ಟರೊಳಗೆ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿ ಚೀಟಿಯ ಫೋಟೋ ಕಳಿಸಿ. ಸುಮಕ್ಕ ರಜೆ ಹಾಕುತ್ತಾಳೆ, ಕೇಳಿದ್ದೇನೆ.