ಅರ್ಧ ವಚನ ಓದಿ ದೇವರನ್ನು ಅಳೆಯಬೇಡಿ

ಮಾನ್ಯ ಸಂಪಾದಕರೇ,

ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ದಿನಗಳು ಬಂದವೆಂದರೆ ಮುಂಬಯಿಯ ಕನ್ನಡ ಕ್ರೈಸ್ತರ ನಡುವೆ ಒಂದು ಹಳೇ ಮಾತು ಮತ್ತೆ ಓಡಾಡುತ್ತದೆ: ಬೈಬಲಿನ ಹಳೆಯ ಒಡಂಬಡಿಕೆಯ ದೇವರು ಸಿಡುಕ, ಹೊಸ ಒಡಂಬಡಿಕೆಯವನು ಕರುಣಾಳು. ಕ್ರಿ.ಶ. 144ರಲ್ಲಿ ರೋಮಿನ ಕ್ರೈಸ್ತ ಸಭೆಯಿಂದ ಹೊರಬಿದ್ದ ಮಾರ್ಸಿಯೋನ ಎಂಬ ಬೋಧಕನ ವಾದವೂ ಇದೇ. ಅವರು ಬೇರೆ ಬೇರೆ ದೇವರೇ ಎಂದು ಹೇಳಿ, ಆತ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ತನಗೆ ಬೇಕಾದಂತೆ ಕತ್ತರಿಸಿ ಇಟ್ಟುಕೊಂಡ.

ಆದರೆ ಕೋಪ, ಕರುಣೆ ಎರಡೂ ಒಂದೇ ಉಸಿರಿನಲ್ಲಿ ಬರುವ ಜಾಗ ವಿಮೋಚನಕಾಂಡ 34:6-7. ಇಸ್ರಾಯೇಲ್ಯರು ಚಿನ್ನದ ಕರು ಮಾಡಿ ಪೂಜಿಸಿದ ಗಲಾಟೆಯಲ್ಲಿ ಸುಮಾರು ಮೂರು ಸಾವಿರ ಜನ ಸತ್ತಿದ್ದಾರೆ, ಒಡೆದ ಹಲಗೆಗಳ ಬದಲು ಹೊಸ ಕಲ್ಲಿನ ಹಲಗೆ ಹಿಡಿದು ಮೋಶೆ ಬೆಟ್ಟ ಹತ್ತಿದ್ದಾನೆ. ಆಗ ದೇವರು ತಾನು ಎಂಥವನೆಂದು ತಾನೇ ಸಾರುತ್ತಾನೆ: ಕರುಣಾಳು, ದೀರ್ಘಶಾಂತ, ಪಾಪ ಕ್ಷಮಿಸುವವನು; ಆದರೂ ಅಪರಾಧಿಯನ್ನು ಶಿಕ್ಷಿಸದೆ ಬಿಡದವನು, ತಂದೆಯ ದೋಷದ ಫಲವನ್ನು ಮಕ್ಕಳ ಮೇಲೆ ಮೂರು ನಾಲ್ಕು ತಲೆಗಳ ವರೆಗೆ ಬರಮಾಡುವವನು. ಕನ್ನಡದಲ್ಲಿ ‘ದೀರ್ಘಶಾಂತ’ ಎಂದು ಓದುವ ಮಾತು ಹೀಬ್ರೂವಿನಲ್ಲಿ ‘ಎರೆಕ್ ಅಪ್ಪಾಯಿಮ್’, ಅಕ್ಷರಶಃ ಉದ್ದ ಮೂಗಿನವನು. ‘ಅಫ್’ ಎಂದರೆ ಮೂಗೂ ಹೌದು, ಕೋಪವೂ ಹೌದು. ಮೂಗಿನ ತುದಿಯಲ್ಲೇ ಕೋಪ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರುಣೆಗಿರುವ ‘ರಹಮೀಮ್’ ಪದ ಗರ್ಭ ಎಂಬರ್ಥದ ‘ರೆಹೆಮ್’ಗೆ ಹತ್ತಿರ, ನಾವು ಕರುಳು ಎನ್ನುತ್ತೇವೆ. ಮಸ್ಜಿದ್ ಸ್ಟೇಷನ್ ಬಳಿಯ, 1796ರಲ್ಲಿ ಸ್ಥಾಪನೆಯಾದ ಯೆಹೂದ್ಯರ ಪ್ರಾರ್ಥನಾಲಯದ (ಸಿನಗಾಗ್) ಹೆಸರೇ ಶಾರ್ ಹರಹಮೀಮ್, ಕರುಣೆಯ ಬಾಗಿಲು.

ಇದೇ ವಚನವನ್ನು ಪ್ರವಾದಿಗಳು ಹೇಗೆ ಬಳಸಿದರು ನೋಡಿ. ಯೋನ 4:2ರಲ್ಲಿ ಅಪರಾಧಿಯನ್ನು ಶಿಕ್ಷಿಸದೆ ಬಿಡೆನೆಂಬ ಭಾಗವೇ ಇಲ್ಲ. ನಹೂಮ 1:3ರಲ್ಲಿ ಅದು ಇದೆ, ಕರುಣೆಯ ಸಾಲುಗಳು ಇಲ್ಲ. ಇಬ್ಬರೂ ಮಾತಾಡುತ್ತಿರುವುದು ಒಂದೇ ಪಟ್ಟಣದ, ಅಸ್ಸೀರಿಯದ ನಿನೆವೆಯ ಬಗ್ಗೆ! ಯೆಹೂದ್ಯರ ಹಬ್ಬದ ಪ್ರಾರ್ಥನೆಯಲ್ಲಂತೂ ‘ನಕ್ಕೇ ಲೋ ಯೆನಕ್ಕೇ’ (ಖಂಡಿತ ಬಿಡುವವನಲ್ಲ) ಎಂಬುದನ್ನು ‘ನಕ್ಕೇ’ಗೇ ನಿಲ್ಲಿಸುತ್ತಾರೆ. ಅರ್ಥ ತಿರುಗಿ, ‘ಬಿಟ್ಟುಬಿಡುವವನು’ ಎಂದಾಗುತ್ತದೆ. ನಜರೇತಿನಲ್ಲಿ ಯೇಸು ಯೆಶಾಯ 61ನ್ನು ಓದುತ್ತ, ಮುಯ್ಯಿ ತೀರಿಸುವ ದಿನ ಎಂಬಲ್ಲಿಗೆ ಬರುವ ಮೊದಲೇ ಸುರುಳಿ ಸುತ್ತಿದ (ಲೂಕ 4:18-20). ಹಾಗೆಂದು ಆತನ ಬಾಯಲ್ಲಿ ತೀರ್ಪಿನ ಮಾತೇ ಇಲ್ಲವೆನ್ನುವವರು ಮತ್ತಾಯ 25 ಓದಲಿ. ‘ಕುರಿಮರಿಯ ಕೋಪ’ (ಕುರಿಮರಿ ಎಂದರೆ ಯೇಸುವೇ) ಎಂಬ ವಿಚಿತ್ರ ಮಾತು ಬರುವುದೂ ಹೊಸ ಒಡಂಬಡಿಕೆಯಲ್ಲೇ, ಪ್ರಕಟನೆ 6:16ರಲ್ಲಿ.

ನಿಜವಾದ ಹಾನಿ ಆಗುತ್ತಿರುವುದು ಆ ವಚನದ ‘ಮೂರು ನಾಲ್ಕು ತಲೆಗಳ ವರೆಗೆ’ ಎಂಬ ತುಂಡಿನಿಂದ. ಮಗುವಿಗೆ ಕಾಯಿಲೆ ಬಂದರೆ ಅಜ್ಜನ ಪಾಪವೆಂದು ಹೆದರಿಸಿ, ವಂಶದ ಶಾಪ ಬಿಡಿಸುವ ವಿಶೇಷ ಪ್ರಾರ್ಥನೆಗೆ ಕರೆಯುವವರಿದ್ದಾರೆ. ಮಗ ತಂದೆಯ ದೋಷ ಹೊರುವುದಿಲ್ಲವೆಂದು ಯೆಹೆಜ್ಕೇಲ 18:20 ಹೇಳುತ್ತದೆ. ಹುಟ್ಟುಕುರುಡನ ವಿಷಯದಲ್ಲಿ ಅವನೂ ಪಾಪ ಮಾಡಲಿಲ್ಲ, ಅವನ ತಂದೆತಾಯಿಯೂ ಅಲ್ಲ ಎಂದು ಯೋಹಾನ 9:3. ದಯೆಯ ಲೆಕ್ಕವಂತೂ ಸಾವಿರ ತಲೆಯದು (ಧರ್ಮೋಪದೇಶಕಾಂಡ 7:9). ಈ ವಚನಗಳನ್ನು ಮುಚ್ಚಿಟ್ಟು ಬೋಧಿಸುವುದು ಅಜ್ಞಾನವಲ್ಲ, ವಂಚನೆ.

ಬೋಧಕರಲ್ಲಿ ಒಂದು ಕೋರಿಕೆ: ಮುಂದಿನ ಭಾನುವಾರ ವಿಮೋಚನಕಾಂಡ 32ರಿಂದ 34:9ರ ವರೆಗೆ ಒಂದೇ ಓಟದಲ್ಲಿ ಓದಿಸಿ. 67 ವಚನ, ಗಟ್ಟಿಯಾಗಿ ಓದಿದರೂ ಹದಿನೈದು ನಿಮಿಷ ಮೀರದು. 34ನೇ ಅಧ್ಯಾಯದ 7ನೇ ವಚನಕ್ಕೇ ನಿಲ್ಲಿಸಬೇಡಿ. ಶಿಕ್ಷೆಯ ಮಾತು ಕಿವಿಗೆ ಬಿದ್ದ ಮೇಲೂ ಮೋಶೆ ನೆಲಕ್ಕೆ ಬಾಗಿ, ಈ ಜನ ಹಟಮಾರಿಗಳು, ಆದರೂ ನಮ್ಮ ಪಾಪ ಕ್ಷಮಿಸು ಎಂದು ಬೇಡುವುದು 8-9ರಲ್ಲಿ.

– ಒಬ್ಬ ಓದುಗ, ಡೊಂಬಿವಲಿ